ಏಳು ಸದ್ದು, ಒಂದು ಸುತ್ತು: 'ಡಾರ್ಕ್ ಸೈಡ್ ಆಫ್ ದಿ ಮೂನ್' ಆಲ್ಬಮ್ಮಿನ ಕಾಸಿನ ಲೂಪ್ ಮನೆಯಲ್ಲೇ ಕಟ್ಟುವುದು ಹೇಗೆ

ಇಂಗ್ಲೆಂಡಿನ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ 'ದಿ ಡಾರ್ಕ್ ಸೈಡ್ ಆಫ್ ದಿ ಮೂನ್' ಆಲ್ಬಮ್ ಬಗ್ಗೆ ಓದಲು ಸಿಗುವುದರಲ್ಲಿ ಮುಕ್ಕಾಲು ಪಾಲು ಹುಚ್ಚು, ಸಾವು, ಕಾಲ, ದುಡ್ಡು ಎಂಬ ದೊಡ್ಡ ಮಾತುಗಳೇ. ಅವು ಸುಳ್ಳಲ್ಲ. ಆದರೆ 1972ರ ಬೇಸಿಗೆಯಿಂದ 1973ರ ಆರಂಭದವರೆಗೆ ಲಂಡನ್ನಿನ ಅಬೇ ರೋಡ್ ಸ್ಟುಡಿಯೋದಲ್ಲಿ ಇದರ ಕೆಲಸ ನಡೆದಾಗ ಮೇಜಿನ ಮೇಲಿದ್ದದ್ದು ಬ್ಲೇಡು, ಸ್ಕೇಲು, ಅಂಟುಪಟ್ಟಿ. ಅಳೆಯುವುದು, ಕತ್ತರಿಸುವುದು, ಜೋಡಿಸುವುದು. 'ಮನಿ' ಹಾಡಿನ ಶುರುವಿನಲ್ಲಿ ಬರುವ ಚಿಲ್ಲರೆ ಕಾಸಿನ ಸದ್ದನ್ನು ಒಂದು ಸಲ ನೀವೇ ಕಟ್ಟಿ ನೋಡಿ. ಉಳಿದ ಒಂಬತ್ತು ಟ್ರ್ಯಾಕ್‌ಗಳನ್ನು ಕೇಳುವ ಕಿವಿಯೇ ಬೇರೆಯಾಗುತ್ತದೆ. ಕಂಪ್ಯೂಟರಿನಲ್ಲಿ ಮಾಡಿದರೆ ಒಂದು ಸಂಜೆಯ ಕೆಲಸ. ಮನೆಯಲ್ಲಿ ಹಳೆಯ ಸ್ಪೂಲ್ ಟೇಪ್ ರೆಕಾರ್ಡರ್ ಇದ್ದವರಿಗೆ ಒಂದು ಭಾನುವಾರ ಪೂರ್ತಿ ಬೇಕು.

ಮೂಲದಲ್ಲಿ ಮಾಡಿದ್ದೇನು

ತಂಡದ ಬಾಸ್ ಗಿಟಾರ್ ವಾದಕ ರೋಜರ್ ವಾಟರ್ಸ್ ಮೊದಲ ಲೂಪ್, ಅಂದರೆ ಮತ್ತೆ ಮತ್ತೆ ತಿರುಗುವ ಟೇಪಿನ ಸುತ್ತು, ಮಾಡಿದ್ದು ತನ್ನ ಮನೆಯ ಹಿತ್ತಲಿನ ಶೆಡ್ಡಿನಲ್ಲಿ. ಹೆಂಡತಿ ಮಡಕೆ ಕೆಲಸಕ್ಕೆ ಇಟ್ಟುಕೊಂಡಿದ್ದ ದೊಡ್ಡ ಬೋಗುಣಿಗೆ ಕಾಸು ಎಸೆದು ರೆಕಾರ್ಡ್ ಮಾಡಿಕೊಂಡಿದ್ದ. ಸ್ಟುಡಿಯೋಗೆ ಬಂದ ಮೇಲೆ ಕಾಸು, ಕಾಗದ ಹರಿಯುವುದು, ಅಂಗಡಿಯ ಗಲ್ಲಾ ಯಂತ್ರ ಎಲ್ಲವನ್ನೂ ಹೊಸದಾಗಿ ಅಚ್ಚುಕಟ್ಟಾಗಿ ಜೋಡಿಸಲಾಯಿತು. ಎಂಜಿನಿಯರ್ ಅಲನ್ ಪಾರ್ಸನ್ಸ್. ಹಾಡಿನ ಏಳು ಎಣಿಕೆಗೆ ಏಳು ಸದ್ದು: ಪ್ರತಿ ಸದ್ದಿರುವ ಟೇಪನ್ನು ಸ್ಕೇಲಿನಲ್ಲಿ ಅಳೆದು, ಒಂದೇ ಉದ್ದಕ್ಕೆ ಕತ್ತರಿಸಿ, ಸಾಲಾಗಿ ಅಂಟಿಸಿ, ಕೊನೆಯ ತುಂಡನ್ನು ಮೊದಲನೆಯದಕ್ಕೆ ಸೇರಿಸಿದರು. ಅಷ್ಟು ಉದ್ದದ ಸುತ್ತು ಯಂತ್ರದೊಳಗೆ ಹಿಡಿಯುವುದಿಲ್ಲ. ಹೊರಗೆ ಒಂದು ಮೈಕ್ ಸ್ಟ್ಯಾಂಡ್ ನಿಲ್ಲಿಸಿ, ಅದನ್ನು ಬಳಸಿಕೊಂಡು ಟೇಪ್ ತಿರುಗುವ ಹಾಗೆ ಮಾಡಿದರು.

ಇದರಲ್ಲಿ ಹಿಡಿಯಬೇಕಾದ ಅಂಶ ಒಂದೇ. ಟೇಪಿನಲ್ಲಿ ಕಾಲ ಅಂದರೆ ಉದ್ದ. ತಾಳ ಹಿಡಿಯಲು ಕಿವಿ ಬೇಕಾಗಿಲ್ಲ, ಸ್ಕೇಲು ಸಾಕು.

ಲೆಕ್ಕ

ನಿಮಿಷಕ್ಕೆ 120 ಎಣಿಕೆ ಎಂದಿಟ್ಟುಕೊಳ್ಳಿ. 'ಮನಿ'ಯ ನಡೆ ಇದರ ಆಸುಪಾಸಿನಲ್ಲೇ ಇದೆ, ಲೆಕ್ಕಕ್ಕೂ ಸುಲಭ. ಒಂದು ಎಣಿಕೆಗೆ ಅರ್ಧ ಸೆಕೆಂಡ್. ಟೇಪ್ ಸೆಕೆಂಡಿಗೆ 15 ಇಂಚು, ಅಂದರೆ 38 ಸೆಂ.ಮೀ. ಓಡಿದರೆ ಒಂದು ಎಣಿಕೆಗೆ 19 ಸೆಂ.ಮೀ., ಏಳಕ್ಕೆ 133 ಸೆಂ.ಮೀ. ಮನೆಬಳಕೆಯ ಯಂತ್ರಗಳಲ್ಲಿ ಸಾಮಾನ್ಯವಾದ ಏಳೂವರೆ ಇಂಚಿನ ವೇಗದಲ್ಲಿ ಇವು ಅರ್ಧವಾಗುತ್ತವೆ: ತುಂಡಿಗೆ ಒಂಬತ್ತೂವರೆ ಸೆಂ.ಮೀ., ಒಟ್ಟು ಸುತ್ತು 66.5 ಸೆಂ.ಮೀ.

ಕಂಪ್ಯೂಟರಿನಲ್ಲಿ ಸೆಂಟಿಮೀಟರ್ ಬದಲು ಸ್ಯಾಂಪಲ್, ಅಂದರೆ ಸದ್ದಿನ ಅತಿ ಸಣ್ಣ ಚೂರು. ಸೆಕೆಂಡಿಗೆ 44,100ರ ದರದಲ್ಲಿ ಒಂದು ಎಣಿಕೆಗೆ ಸರಿಯಾಗಿ 22,050 ಸ್ಯಾಂಪಲ್, ಏಳಕ್ಕೆ 1,54,350. ಈ ಎರಡು ಅಂಕಿಗಳನ್ನು ಚೀಟಿಯಲ್ಲಿ ಬರೆದು ಎದುರಿಗೆ ಅಂಟಿಸಿಕೊಳ್ಳಿ.

ಬೇಕಾದ ಸಾಮಾನು

ಹತ್ತು ಹದಿನೈದು ನಾಣ್ಯ. 1 ರೂಪಾಯಿ, 2 ರೂಪಾಯಿಯ ಸ್ಟೀಲ್ ನಾಣ್ಯದ ಸದ್ದು ತೆಳು. ಎರಡು ಲೋಹದ 10 ರೂಪಾಯಿ ನಾಣ್ಯ ನಾಲ್ಕಾರು ಬೆರೆತರೆ ತೂಕ ಬರುತ್ತದೆ. ಒಂದು ಪಿಂಗಾಣಿ ಬೋಗುಣಿ, ಒಂದು ಸ್ಟೀಲ್ ಪಾತ್ರೆ, ಹಳೆಯ ದಿನಪತ್ರಿಕೆ, ಮಡಿಸಿದ ಟವೆಲ್. ಗಲ್ಲಾ ಯಂತ್ರ ಸಿಗದಿದ್ದರೆ ಚಿಂತೆಯಿಲ್ಲ: ಚಿಲ್ಲರೆ ತುಂಬಿದ ಮೇಜಿನ ಡ್ರಾಯರ್ ಎಳೆದು ದಬಕ್ಕನೆ ಮುಚ್ಚಿದರೆ ಸಾಕಷ್ಟು ಹತ್ತಿರ ಬರುತ್ತದೆ. ಸೈಕಲ್ ಬೆಲ್ಲಿನ ಒಂದು ಟಿಂಗ್, ಸ್ಟೇಪ್ಲರ್, ಬೀಗದ ಕೈಗೊಂಚಲು ಇವೂ ಆಗುತ್ತವೆ. ರೆಕಾರ್ಡ್ ಮಾಡಲು ಮೊಬೈಲ್, ಕತ್ತರಿಸಲು ಉಚಿತವಾಗಿ ಸಿಗುವ ಆಡಾಸಿಟಿ ತಂತ್ರಾಂಶ.

ಕಟ್ಟುವ ಕ್ರಮ

1. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ. ಏಳೂ ಸದ್ದನ್ನು ಒಂದೇ ಕೋಣೆಯಲ್ಲಿ, ಒಂದೇ ಜಾಗದಲ್ಲಿ ಮೊಬೈಲ್ ಇಟ್ಟು ಹಿಡಿಯಿರಿ. ಒಂದನ್ನು ಅಡುಗೆಮನೆಯಲ್ಲಿ, ಇನ್ನೊಂದನ್ನು ಹಾಲ್‌ನಲ್ಲಿ ಹಿಡಿದರೆ ಸದ್ದಿನ ಹಿಂದಿರುವ ಗುಂಯ್ ಎನ್ನುವ ಮೌನ ತುಂಡುತುಂಡಿಗೂ ಬದಲಾಗಿ, ಲೂಪ್ ಏದುಸಿರು ಬಿಟ್ಟಂತೆ ಕೇಳುತ್ತದೆ.

2. ಮೊಬೈಲ್ ಒಂದು ಮೀಟರ್ ದೂರವಿರಲಿ. ಹತ್ತಿರವಿಟ್ಟರೆ ಕಾಸು ಬೀಳುವ ಮೊದಲ ಏಟಿಗೇ ಸದ್ದು ಒಡೆಯುತ್ತದೆ. ಒಡೆದದ್ದನ್ನು ಆಮೇಲೆ ಸರಿಮಾಡಲಾಗದು. ರೆಕಾರ್ಡರ್ ಆ್ಯಪ್‌ನಲ್ಲಿ ಗದ್ದಲ ತಗ್ಗಿಸುವ, ದನಿಮಟ್ಟ ತಾನೇ ಹೊಂದಿಸುವ ಆಯ್ಕೆಗಳಿದ್ದರೆ ತೆಗೆದುಬಿಡಿ. ಅವು ಮಾತಿಗೆಂದು ಮಾಡಿದವು, ನಾಣ್ಯದ ಝೇಂಕಾರವನ್ನು ಕಸವೆಂದು ತಿಳಿದು ಒರೆಸಿಹಾಕುತ್ತವೆ.

3. ಬೋಗುಣಿಯ ಕೆಳಗೆ ಟವೆಲ್ ಹಾಸಿ, ಇಲ್ಲದಿದ್ದರೆ ಕಾಸಿಗಿಂತ ಮೇಜಿನ ಧಡ್ ಸದ್ದೇ ಹೆಚ್ಚು. ಒಂದು ಗೇಣು ಎತ್ತರದಿಂದ ಆರೆಂಟು ನಾಣ್ಯ ಒಟ್ಟಿಗೆ ಬಿಡಿ. ಪಿಂಗಾಣಿಯಲ್ಲಿ ಸದ್ದು ಬೇಗ ಸಾಯುತ್ತದೆ, ಅರ್ಧ ಸೆಕೆಂಡಿನೊಳಗೆ ಮುಗಿಯಬೇಕಾದ ತುಂಡಿಗೆ ಅದೇ ಒಳ್ಳೆಯದು. ಸ್ಟೀಲ್ ಪಾತ್ರೆಯ ಗುಂಗು ಎರಡು ಸೆಕೆಂಡ್ ಎಳೆಯುತ್ತದೆ. ಅದನ್ನು ಅರ್ಧದಲ್ಲಿ ಕೊಯ್ದರೆ ಕೊಯ್ದದ್ದು ಗೊತ್ತಾಗುತ್ತದೆ. ಪ್ರತಿ ಸದ್ದನ್ನೂ ಕನಿಷ್ಠ ಐದು ಸಲ ಹಿಡಿದು ಒಂದನ್ನು ಆರಿಸಿ.

4. ಕಡತವನ್ನು ಆಡಾಸಿಟಿಯಲ್ಲಿ ತೆರೆದು ಅಲೆಯನ್ನು ದೊಡ್ಡದು ಮಾಡಿ ನೋಡಿ. ಸದ್ದಿನ ಏಟು ಎದ್ದೇಳುವ ಜಾಗಕ್ಕೆ ಕೂದಲೆಳೆಯಷ್ಟು ಮುಂಚೆ, ಸುಮಾರು 5 ಮಿಲಿಸೆಕೆಂಡ್ ಬಿಟ್ಟು, ಗುರುತು ಹಾಕಿ. ಅಲ್ಲಿಂದ 22,050 ಸ್ಯಾಂಪಲ್ ಆಯ್ದು ಕತ್ತರಿಸಿ. ಸದ್ದು ಅದಕ್ಕಿಂತ ಚಿಕ್ಕದಿದ್ದರೆ ಉಳಿದ ಜಾಗಕ್ಕೆ ಅದೇ ಕೋಣೆಯ ಖಾಲಿ ಸದ್ದು ತುಂಬಿ, ಕಡು ಮೌನವನ್ನಲ್ಲ.

5. ಕಾಗದಕ್ಕೆ ಮಾತ್ರ ಈ ನಿಯಮ ಒಗ್ಗುವುದಿಲ್ಲ. ಕಾಸಿನ ಏಟು ಒಂದೇ ಕ್ಷಣದಲ್ಲಿ ಬೀಳುತ್ತದೆ. ಹರಿಯುವ ಕಾಗದದ ಸದ್ದು ನಿಧಾನ ಏರುತ್ತದೆ. ಕಿವಿ ತಾಳ ಹಿಡಿಯುವುದು ಸದ್ದು ಶುರುವಾದ ಕಡೆಯಲ್ಲ, ಅದು ತುಂಬಿಕೊಂಡ ಕಡೆ. ಆದ್ದರಿಂದ ಕಾಗದದ ತುಂಡಿನಲ್ಲಿ ಆರಂಭದ 20ರಿಂದ 40 ಮಿಲಿಸೆಕೆಂಡ್ ಕತ್ತರಿಸಿ ಎಸೆಯಿರಿ. ಎಷ್ಟೆಂದು ಕೇಳಿಯೇ ತೀರ್ಮಾನಿಸಬೇಕು. ಬಹಳ ಜನರ ಲೂಪ್ ಕುಂಟುವುದು ಇಲ್ಲಿಯೇ: ಅಳತೆ ಎಲ್ಲ ಸರಿ, ಆದರೂ ಕಾಗದದ ಎಣಿಕೆ ಬೇಕೆಂದೇ ತಡವಾಗಿ ಬಂದಂತಿರುತ್ತದೆ.

6. ಏಳನ್ನೂ ಸಾಲಾಗಿ ಜೋಡಿಸಿ. ಅತಿ ಭಾರದ ಸದ್ದು ಒಂದನೆಯದಾಗಲಿ, ಆಗ ಸುತ್ತು ಎಲ್ಲಿ ಶುರುವಾಯಿತೆಂದು ಕೇಳುವವರಿಗೆ ತಾನಾಗಿ ತಿಳಿಯುತ್ತದೆ. ಒಂದೇ ಜಾತಿಯ ಎರಡು ಸದ್ದು ಪಕ್ಕಪಕ್ಕ ಬೇಡ. ಪ್ರತಿ ಕೂಡಿನಲ್ಲಿ 3ರಿಂದ 5 ಮಿಲಿಸೆಕೆಂಡಿನ ಇಳಿಕೆ–ಏರಿಕೆ ಕೊಡಿ, ಇಲ್ಲವಾದರೆ ಟಿಕ್ ಎನ್ನುತ್ತದೆ. ಆಮೇಲೆ ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ ಸರಿಸಿ. ಆಲ್ಬಮ್ಮಿನಲ್ಲೂ ಈ ಸದ್ದುಗಳು ಎಡ–ಬಲ ಓಡಾಡುತ್ತವೆ. ನಾಲ್ಕು ಮೂಲೆಯ ಸ್ಪೀಕರಿಗೆ ಹಂಚುವ ಕ್ವಾಡ್ರಾಫೋನಿಕ್ ಆಲೋಚನೆ ಆಗಲೇ ಅವರ ತಲೆಯಲ್ಲಿತ್ತು.

7. ಒಟ್ಟು ಉದ್ದ 1,54,350 ಇದೆಯೇ ನೋಡಿ, ವೇವ್ ಕಡತವಾಗಿ ಉಳಿಸಿ. ಎಂಪಿ3 ಮಾಡಬೇಡಿ. ಎಂಪಿ3 ಮಾಡುವಾಗ ತಂತ್ರಾಂಶ ಕಡತದ ಎರಡೂ ತುದಿಗೆ ಚೂರು ಮೌನ ಸೇರಿಸುತ್ತದೆ. ಹಾಡಿಗೆ ಅದು ಲೆಕ್ಕಕ್ಕಿಲ್ಲ, ಲೂಪಿಗೆ ಪ್ರತಿ ಸುತ್ತಿನಲ್ಲೂ ಒಂದು ಎಡವು.

ಸ್ಪೂಲ್ ಟೇಪ್ ಇರುವವರಿಗೆ

ಕಾಲಿಂಚು ಟೇಪ್, ಟೇಪ್ ಕೂರಿಸಿ ಕತ್ತರಿಸಲು 45 ಡಿಗ್ರಿ ಓರೆ ಸೀಳಿರುವ ಸ್ಪ್ಲೈಸಿಂಗ್ ಬ್ಲಾಕ್, ಹೊಸ ಬ್ಲೇಡ್, ಗುರುತಿಗೆ ಬಿಳಿ ಮೇಣದ ಪೆನ್ಸಿಲ್, ಸ್ಪ್ಲೈಸಿಂಗ್ ಟೇಪ್. ಸ್ಟೇಷನರಿ ಅಂಗಡಿಯ ಸೆಲ್ಲೋಟೇಪ್ ಖಂಡಿತ ಬೇಡ: ಅದರ ಅಂಟು ಬಿಸಿಗೆ ಒಸರಿ, ಯಂತ್ರದಲ್ಲಿ ಟೇಪ್ ಓದುವ ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ. ಅಂಟಿಸುವುದು ಟೇಪಿನ ಬೆನ್ನಿಗೆ, ಹೆಡ್ಡಿಗೆ ತಾಗುವ ಮುಖಕ್ಕಲ್ಲ. ಬ್ಲೇಡಿಗೆ ಕಾಂತಗುಣ ಹತ್ತಿದ್ದರೆ ಪ್ರತಿ ಕೂಡೂ ಟಪ್ ಎನ್ನುತ್ತದೆ. ಕಾಂತ ತೆಗೆಯುವ ಉಪಕರಣ ಇಲ್ಲದಿದ್ದರೆ ಬ್ಲೇಡನ್ನೇ ಬದಲಿಸಿ.

ಓರೆಯಾಗಿ ಕತ್ತರಿಸುವುದೇಕೆ? ನೇರ ಕತ್ತರಿಸಿದರೆ ಒಂದು ಸದ್ದು ನಿಂತು ಇನ್ನೊಂದು ಒಮ್ಮೆಲೇ ಎರಗುತ್ತದೆ. 45 ಡಿಗ್ರಿಯಲ್ಲಿ ಕೂಡು ಸುಮಾರು 6 ಮಿ.ಮೀ. ಉದ್ದಕ್ಕೆ ಹರಡುತ್ತದೆ. ಸೆಕೆಂಡಿಗೆ 38 ಸೆಂ.ಮೀ. ವೇಗದಲ್ಲಿ ಅದು ಹದಿನಾರು ಹದಿನೇಳು ಮಿಲಿಸೆಕೆಂಡಿನ ಮೃದು ದಾಟು. ಕಂಪ್ಯೂಟರಿನಲ್ಲಿ ನೀವು ಕೊಟ್ಟ ಇಳಿಕೆ–ಏರಿಕೆಯನ್ನು ಇಲ್ಲಿ ಬ್ಲೇಡಿನ ಕೋನವೇ ಕೊಡುತ್ತದೆ. ಅಳತೆಯಲ್ಲಿ ಒಂದು ಮಿ.ಮೀ. ತಪ್ಪಿದರೆ ಆ ವೇಗದಲ್ಲಿ ಮೂರು ಮಿಲಿಸೆಕೆಂಡಿಗೂ ಕಡಿಮೆ, ಯಾರಿಗೂ ತಿಳಿಯದು. ಏಳೂವರೆ ಇಂಚಿನ ವೇಗದಲ್ಲಿ ಅರ್ಧ ಸೆಂ.ಮೀ. ತಪ್ಪಿದರೆ 26 ಮಿಲಿಸೆಕೆಂಡ್, ಅದು ಎಲ್ಲರಿಗೂ ತಿಳಿಯುತ್ತದೆ. ಎರಡು ವೇಗ ಇರುವ ಯಂತ್ರದಲ್ಲಿ ಹೆಚ್ಚಿನದನ್ನೇ ಹಿಡಿಯಿರಿ.

ಸುತ್ತು ಸಡಿಲವಾದರೆ ದನಿ ತೇಲುತ್ತದೆ, ಬಿಗಿಯಾದರೆ ವೇಗ ಕುಂದುತ್ತದೆ. ನೀರು ತುಂಬಿದ ಗಾಜಿನ ಬಾಟಲಿಯೊಂದನ್ನು ಹೊರಗೆ ನಿಲ್ಲಿಸಿ ಬೆರಳಷ್ಟು ಬೆರಳಷ್ಟೇ ಸರಿಸುತ್ತಾ ಹದ ಹಿಡಿಯಿರಿ. ಟೇಪ್ ಮುಗಿದಾಗ ನಿಲ್ಲಿಸುವ ಸ್ವಿಚ್ ಇರುವ ಯಂತ್ರಗಳು ಸಡಿಲ ಟೇಪ್ ಕಂಡರೆ ನಿಂತೇಬಿಡುತ್ತವೆ. ಯಂತ್ರ ಕೆಟ್ಟಿತೆಂದು ಬಿಚ್ಚಲು ಹೋಗಬೇಡಿ.

ಏಳನ್ನು ಎಣಿಸುವುದು

ಪಾಶ್ಚಾತ್ಯ ಕೇಳುಗರಿಗೆ 7/4, ಅಂದರೆ ಸುತ್ತಿಗೆ ಏಳು ಎಣಿಕೆ, ಎಂಬುದು ವಿಚಿತ್ರ ಲೆಕ್ಕ. ಅಮೆರಿಕದ ಸಿಂಗಲ್ ಪಟ್ಟಿಯಲ್ಲಿ 13ನೇ ಸ್ಥಾನ ಹತ್ತಿದ ಹಾಡೊಂದು ಏಳರಲ್ಲಿ ನಡೆಯುವುದು ಅವರಿಗೆ ಇಂದಿಗೂ ಹೇಳಿಕೊಳ್ಳುವ ಸಂಗತಿ. ಕರ್ನಾಟಕ ಸಂಗೀತ ಒಂದು ವರ್ಷ ಕಲಿತವರಿಗೂ ಇದರಲ್ಲಿ ಭಯವಿಲ್ಲ. ಮಿಶ್ರ ಛಾಪಿನ 'ತಕಿಟ ತಕಧಿಮಿ' ಹೇಳಿಕೊಂಡರೂ ಏಳು ಬರುತ್ತದೆ, ಆದರೆ ಈ ಹಾಡು ಒಂದೊಂದು ಎಣಿಕೆಯನ್ನೂ ಹೆಜ್ಜೆಯಿಟ್ಟು ನಡೆಯುವುದರಿಂದ ತ್ರಿಪುಟ ತಾಳದ ಏಳು ಅಕ್ಷರದ ಲೆಕ್ಕ ಕೈಗೆ ಚೆನ್ನಾಗಿ ಕೂರುತ್ತದೆ. ನಿಮ್ಮ ಲೂಪ್ ಓಡಿಸಿ ಅದರ ಮೇಲೆ ಕೈತಾಳ ಹಾಕಿ. ಹತ್ತು ಸುತ್ತು ತಪ್ಪದೆ ಬಂದರೆ ಮೂಲ ಹಾಡು ಹಾಕಿ.

ಈಗ ಎರಡು ಜಾಗ ಗಮನಿಸಿ. ಒಂದು, ಗಾಯನ ಶುರುವಾಗುವ ಹೊತ್ತಿಗೆ ಲೂಪ್ ಮೆಲ್ಲಗೆ ಇಳಿದುಹೋಗಿರುತ್ತದೆ. ವಾದ್ಯದವರು ಮನುಷ್ಯರು, ಹಾಡು ಮುಂದುವರಿದಂತೆ ಸ್ವಲ್ಪ ಬಿರುಸಾಗುತ್ತಾರೆ; ಟೇಪ್ ಬಿರುಸಾಗುವುದಿಲ್ಲ. ಎರಡನ್ನೂ ಕೊನೆತನಕ ಕಟ್ಟಿಹಾಕಿದ್ದರೆ ಹಾಡಿನ ಜೀವ ಹೋಗುತ್ತಿತ್ತು. ಇನ್ನೊಂದು, ಡಿಕ್ ಪ್ಯಾರಿಯ ಸ್ಯಾಕ್ಸೋಫೋನ್ ಮುಗಿದು ಡೇವಿಡ್ ಗಿಲ್ಮೋರ್‌ನ ಗಿಟಾರ್ ಬಂದಾಗ ನಿಮ್ಮ ಕೈತಾಳ ಕೆಡುತ್ತದೆ. ತಪ್ಪು ನಿಮ್ಮದಲ್ಲ, ಅಲ್ಲಿ ಹಾಡು ನಾಲ್ಕಕ್ಕೆ ಹೊರಳುತ್ತದೆ. ಗಿಟಾರ್ ಮುಗಿದ ಮೇಲೆ ಮತ್ತೆ ಏಳು.

ಉಳಿದ ಹಾಡುಗಳಿಗೆ ಅದೇ ಕೈಚಳಕ

'ಟೈಮ್' ಹಾಡಿನ ಗಡಿಯಾರಗಳು ಒಟ್ಟಿಗೆ ಬಡಿದವಲ್ಲ. ಪಾರ್ಸನ್ಸ್ ಕ್ವಾಡ್ರಾಫೋನಿಕ್ ಪ್ರಾತ್ಯಕ್ಷಿಕೆಗೆಂದು ಹಳೆಯ ಗಡಿಯಾರಗಳ ಅಂಗಡಿಯೊಂದರಲ್ಲಿ ಒಂದೊಂದನ್ನೇ ಬೇರೆಬೇರೆ ರೆಕಾರ್ಡ್ ಮಾಡಿ ತಂದಿದ್ದ. ಅವನ್ನು ಮಲ್ಟಿಟ್ರ್ಯಾಕ್ ಟೇಪಿನಲ್ಲಿ ಒಂದೇ ಕ್ಷಣಕ್ಕೆ ಕೂಡಿಸಲಾಯಿತು. ನೀವು ಮಾಡುವುದಾದರೆ ಹಿಂದಿನಿಂದ ಲೆಕ್ಕ ಹಾಕಿ. ಬಡಿಯುವ ಕ್ಷಣವನ್ನು ಎಲ್ಲ ಟ್ರ್ಯಾಕಿನಲ್ಲೂ ಒಂದೇ ಗೆರೆಗೆ ತಂದು, ಟಿಕ್‌ಟಿಕ್ ಎಲ್ಲಿ ಶುರುವಾಗುತ್ತದೋ ಆಗಲಿ ಎಂದು ಬಿಡಿ.

'ಆನ್ ದಿ ರನ್' ಇನ್ನೂ ಸುಲಭ. ಸಿಂಥಿ ಎಂಬ ಸೂಟ್‌ಕೇಸ್ ಗಾತ್ರದ ಸಿಂಥಸೈಜರಿನಲ್ಲಿ ಎಂಟು ಸ್ವರಗಳನ್ನು ನಿಧಾನವಾಗಿ ಒತ್ತಿ ತುಂಬಿ, ಆಮೇಲೆ ವೇಗವಾಗಿ ಓಡಿಸಿದ್ದು: ಇ, ಜಿ, ಎ, ಜಿ, ಡಿ, ಸಿ, ಡಿ, ಇ. ಯಾವುದೇ ಉಚಿತ ಸಿಂಥ್ ಆ್ಯಪ್‌ನಲ್ಲಿ ನಿಮಿಷಕ್ಕೆ 165 ಎಣಿಕೆಗೆ ಇಟ್ಟು, ಎಣಿಕೆಗೆ ನಾಲ್ಕು ಸ್ವರದಂತೆ ಓಡಿಸಿ. ಅಷ್ಟಕ್ಕೇ ಬಿಟ್ಟರೆ ಹೊಲಿಗೆ ಯಂತ್ರದ ಸದ್ದು. ಫಿಲ್ಟರ್ ಗುಂಡಿಯನ್ನು ಕೈಯಲ್ಲಿ ನಿಧಾನ ತಿರುಗಿಸುತ್ತಿದ್ದರೆ ಮಾತ್ರ ಅದು ಓಡತೊಡಗುತ್ತದೆ.

ಎಲ್ಲಕ್ಕಿಂತ ಜಾಣತನದ್ದು ಮಾತಿನ ತುಣುಕುಗಳು. ವಾಟರ್ಸ್ ಪ್ರಶ್ನೆಗಳನ್ನು ಕಾರ್ಡುಗಳ ಮೇಲೆ ಬರೆದು, ಸ್ಟುಡಿಯೋದಲ್ಲಿ ಸಿಕ್ಕಿದವರನ್ನೆಲ್ಲ ಮಂದ ಬೆಳಕಿನಲ್ಲಿ ಮೈಕ್ ಮುಂದೆ ಕೂರಿಸಿದ. ಮೊದಲು ಇಷ್ಟದ ಬಣ್ಣ, ಇಷ್ಟದ ಊಟದಂಥ ಸಾದಾ ಪ್ರಶ್ನೆ. ನಂತರ ಮೆಲ್ಲನೆ ಹುಚ್ಚು, ಸಾವು. ಕಡೆಯ ಬಾರಿ ಯಾವಾಗ ಕೈಮಾಡಿದಿರಿ ಎಂಬ ಕಾರ್ಡ್ ಆದಮೇಲೆ, ಆಗ ನಿಮ್ಮದು ಸರಿಯಿತ್ತೇ ಎಂಬ ಕಾರ್ಡ್. ಕಟ್ಟಡದ ಬಾಗಿಲು ಕಾಯುತ್ತಿದ್ದ ಜೆರಿ ಓ'ಡ್ರಿಸ್ಕಾಲ್ ಹೇಳಿದ್ದು ಆಲ್ಬಮ್ಮಿನ ಕೊನೆಯ ಮಾತಾಯಿತು. ಅದೇ ಕಟ್ಟಡದಲ್ಲಿದ್ದ ಬೀಟಲ್ಸ್ ಖ್ಯಾತಿಯ ಪಾಲ್ ಮೆಕಾರ್ಟ್ನಿಯನ್ನೂ ಕೂರಿಸಿದ್ದರು; ಆತ ತೂಕ ಮಾಡಿ ಚಮತ್ಕಾರದ ಉತ್ತರ ಕೊಟ್ಟದ್ದರಿಂದ ಒಂದು ತುಣುಕೂ ಬಳಕೆಗೆ ಬರಲಿಲ್ಲ.

ನೀವು ಮಾಡುವಾಗಲೂ ಇದೇ ಕ್ರಮ ಇರಲಿ. ಪ್ರಶ್ನೆ ಬಾಯಲ್ಲಿ ಕೇಳಬೇಡಿ. ಕೇಳಿದರೆ ನಿಮ್ಮ ದನಿ ರೆಕಾರ್ಡಿನಲ್ಲಿ ಬರುತ್ತದೆ, ಉತ್ತರಿಸುವವರು ನಿಮ್ಮ ಮುಖ ನೋಡಿ ಮಾತು ತಿದ್ದಿಕೊಳ್ಳುತ್ತಾರೆ. ಕಾರ್ಡ್ ಕವುಚಿಟ್ಟು ಕೋಣೆಯಿಂದ ಹೊರಗೆ ಬನ್ನಿ. ಇಪ್ಪತ್ತು ಕಾರ್ಡ್ ಸಾಕು; ಹತ್ತನೆಯದಕ್ಕಿಂತ ಮುಂಚಿನ ಉತ್ತರಗಳಲ್ಲಿ ಬಳಸುವಂಥದ್ದು ಸಿಗುವುದು ಅಪರೂಪ.

ಈಗ ಇಡಿಯಾಗಿ ಕೇಳುವುದು

ಸುಮಾರು 43 ನಿಮಿಷ. ಮೊಬೈಲಿನಲ್ಲಾದರೆ ಶಫಲ್ ತೆಗೆಯಿರಿ, ಒಂದು ಹಾಡಿನ ಮೇಲೆ ಇನ್ನೊಂದು ಹಾಯುವ ಕ್ರಾಸ್‌ಫೇಡ್ ತೆಗೆಯಿರಿ, ಹಾಡುಗಳ ನಡುವೆ ಎಡೆ ಬಿಡದ ಗ್ಯಾಪ್‌ಲೆಸ್ ಆಯ್ಕೆ ಹಾಕಿ. ಈ ಆಲ್ಬಮ್ಮಿನಲ್ಲಿ ಒಂದು ಹಾಡು ಇನ್ನೊಂದಕ್ಕೆ ಬೆಸೆದಿದೆ; ಎಲ್‌ಪಿಯಲ್ಲಿ 'ದಿ ಗ್ರೇಟ್ ಗಿಗ್ ಇನ್ ದಿ ಸ್ಕೈ' ಮುಗಿದು ತಟ್ಟೆ ಮಗುಚುವ ಜಾಗವೊಂದೇ ನಿಜವಾದ ಬಿಡುವು. ಆ ಹಾಡಿನಲ್ಲಿ ಮಾತಿಲ್ಲದೆ ಕೂಗುವ ದನಿ ಕ್ಲೇರ್ ಟೋರಿಯದು. ಒಂದು ಭಾನುವಾರ ಬಂದು ಹಾಡಿದ್ದಕ್ಕೆ ಆಕೆಗೆ ಸಿಕ್ಕಿದ್ದು 30 ಪೌಂಡ್ ಕೂಲಿ. ಮೊಕದ್ದಮೆ ಹೂಡಿ 2005ರಲ್ಲಿ ರಾಜಿಯಾದ ಮೇಲಷ್ಟೇ ತಂಡದ ಕೀಬೋರ್ಡ್ ವಾದಕ ರಿಚರ್ಡ್ ರೈಟ್ ಜೊತೆ ಸಹ ರಚನೆಕಾರಳೆಂದು ಹೆಸರು ಬಂತು. ಹಳೆಯ ಮುದ್ರಣದ ಕವರಿನಲ್ಲಿ ರೈಟ್ ಹೆಸರಷ್ಟೇ ಇರುವುದು ಅದಕ್ಕೇ.

ವಾಲ್ಯೂಮ್ ಇಡುವಾಗ ಎಲ್ಲರೂ ಮಾಡುವ ತಪ್ಪು ಒಂದಿದೆ. ಆಲ್ಬಮ್ ಶುರುವಾಗುವುದು ಎದೆಬಡಿತದಿಂದ, ನಿಕ್ ಮೇಸನ್‌ನ ಡ್ರಮ್ಮಿನ ಸದ್ದನ್ನೇ ಹದ ಮಾಡಿ ಪಡೆದದ್ದು. ಅದು ಕೇಳಲೇ ಇಲ್ಲವಲ್ಲ ಎಂದು ವಾಲ್ಯೂಮ್ ಏರಿಸುತ್ತಾರೆ. ಕೆಲವೇ ನಿಮಿಷದಲ್ಲಿ ಗಡಿಯಾರಗಳೆಲ್ಲ ಒಮ್ಮೆಲೇ ಬಡಿದು, ಹೆಡ್‌ಫೋನ್ ಹಾಕಿಕೊಂಡವರು ಕಿತ್ತೆಸೆಯುತ್ತಾರೆ. ಎದೆಬಡಿತ ಕೇಳದಿದ್ದರೆ ಕೇಳದಿರಲಿ. 'ಬ್ರೀದ್' ಹಾಡಿನ ಗಾಯನ ಬರುವವರೆಗೆ ಕಾದು, ಎದುರಿಗೆ ಕೂತವರು ಮಾತಾಡುವಷ್ಟು ದನಿಗೆ ಹೊಂದಿಸಿ ಮತ್ತೆ ಮೊದಲಿನಿಂದ ಹಾಕಿ.

ಎಲ್‌ಪಿ ಕೊಳ್ಳುವವರಿಗೆ, ಜೊತೆಗೆ ಆ ಕಾಲದವರು ಏನೆಂದರು

1973ರ ಫೆಬ್ರವರಿ 27ರಂದು ಲಂಡನ್ ಪ್ಲಾನೆಟೇರಿಯಂನಲ್ಲಿ ಪತ್ರಕರ್ತರಿಗೆ ಆಲ್ಬಮ್ ಕೇಳಿಸುವ ಏರ್ಪಾಡಾಗಿತ್ತು. ಕ್ವಾಡ್ರಾಫೋನಿಕ್ ಮಿಕ್ಸ್ ತಯಾರಿರಲಿಲ್ಲ, ಸಾಧಾರಣ ಧ್ವನಿವರ್ಧಕದಲ್ಲಿ ಸ್ಟೀರಿಯೋ ಹಾಕಿದರು. ಇದನ್ನು ಒಪ್ಪದೆ ರೈಟ್ ಒಬ್ಬನನ್ನು ಬಿಟ್ಟು ತಂಡದವರು ಬರಲೇ ಇಲ್ಲ. ಬಂದವರನ್ನು ಸ್ವಾಗತಿಸಿದ್ದು ಅವರ ಆಳೆತ್ತರದ ರಟ್ಟಿನ ಚಿತ್ರಗಳು. ಮೆಲಡಿ ಮೇಕರ್ ಪತ್ರಿಕೆಯ ವಿಮರ್ಶಕನಿಗೆ ಮೊದಲ ಬದಿ ಗೋಜಲೆನಿಸಿತು, ಎರಡನೆಯದು ಹಿಡಿಸಿತು. ಅಂಥ ಏರ್ಪಾಡಿನಲ್ಲಿ 'ಆನ್ ದಿ ರನ್' ಕೇಳಿದವರಿಗೆ ಗೋಜಲೆನಿಸಿದ್ದರೆ ಆಶ್ಚರ್ಯವಿಲ್ಲ. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಒಂದನೇ ಸ್ಥಾನದಲ್ಲಿದ್ದದ್ದು ಒಂದೇ ವಾರ. ಆದರೆ 1988ರವರೆಗೆ, ನಡುನಡುವೆ ಹೊರಬಿದ್ದರೂ, ಒಟ್ಟು 700ಕ್ಕೂ ಹೆಚ್ಚು ವಾರ ಪಟ್ಟಿಯಲ್ಲಿತ್ತು. ವಾಟರ್ಸ್ 2002ರಲ್ಲಿ ಬೆಂಗಳೂರಿಗೆ ಬಂದು ಹಾಡಿದಾಗಲೂ ಈ ಹಾಡುಗಳಿದ್ದವು.

ಹಳೆಯ ಪ್ರತಿ ಕೊಳ್ಳುವಾಗ ಮಡಿಕೆ ಕವರ್ ಬಿಚ್ಚಿ ನೋಡಿ. ಮೂಲದಲ್ಲಿ ಎರಡು ಪೋಸ್ಟರ್, ಪಿರಮಿಡ್ಡಿನ ಸ್ಟಿಕ್ಕರುಗಳು ಇದ್ದವು. ಬಹುಪಾಲು ಪ್ರತಿಗಳಲ್ಲಿ ಅವು ಯಾವುದೋ ಹಾಸ್ಟೆಲ್ ಗೋಡೆ ಸೇರಿ ದಶಕಗಳಾಗಿವೆ. ಇಂಗ್ಲೆಂಡಿನ ಮೊದಲ ಮುದ್ರಣದ ಲೇಬಲ್ಲಿನಲ್ಲಿ ತ್ರಿಕೋನ ಪೂರ್ತಿ ನೀಲಿ ತುಂಬಿರುತ್ತದೆ, ಬರೀ ಗೆರೆಯದಾದರೆ ನಂತರದ್ದು. ಕವರಿನ ಚಿತ್ರದಲ್ಲಿ ಪಟ್ಟಕದಿಂದ (ಪ್ರಿಸಂ) ಹೊರಬರುವ ಬಣ್ಣ ಆರೇ ಇವೆಯೆಂದು ನಕಲಿ ಎಂದುಕೊಳ್ಳಬೇಡಿ. ಹಿಪ್ನೋಸಿಸ್ ಎಂಬ ವಿನ್ಯಾಸ ಸಂಸ್ಥೆಗಾಗಿ ಜಾರ್ಜ್ ಹಾರ್ಡಿ ಬರೆದ ಚಿತ್ರದಲ್ಲೇ ಇಂಡಿಗೋ ಇಲ್ಲ. ತಟ್ಟೆಯನ್ನು ಬೆಳಕಿಗೆ ಓರೆ ಹಿಡಿದು ಮೊದಲ ಬದಿಯ ಹೊರ ಅಂಚನ್ನೂ ಎರಡನೆಯ ಬದಿಯ ಒಳ ತುದಿಯನ್ನೂ ಪರೀಕ್ಷಿಸಿ. ಎದೆಬಡಿತ ಎದ್ದು ಕೇಳುವುದು ಈ ಎರಡು ಕಡೆ, ಸಣ್ಣ ಗೀರಿದ್ದರೂ ಅಲ್ಲಿ ಟಿಕ್ ಟಿಕ್ ಎಂದೇ ಕೇಳುತ್ತದೆ. ನಡುವೆ 'ಮನಿ'ಯಲ್ಲಿ ಅಂಥದ್ದೇ ಗೀರಿದ್ದರೆ ಇನ್ನೊಂದು ಕಾಸು ಬಿತ್ತೆಂದುಕೊಳ್ಳಬಹುದು.